ಕೌದಿಯ ನಡುವಿನ ತೇಪೆ

ಹೋದ ತಿಂಗಳು ಒಂಬತ್ತನೇ ಇಯತ್ತೆಯ ಮಕ್ಕಳನ್ನು ಕಟ್ಟಿಕೊಂಡು ರಾಯಚೂರಿನಿಂದ ಶಕ್ತಿನಗರಕ್ಕೆ ಹೋಗಿದ್ದೆ. ಕಲ್ಲಿದ್ದಲಿನಿಂದ ಕರೆಂಟು ಹೇಗೆ ಹುಟ್ಟುತ್ತದೆ ಎಂದು ವಿಜ್ಞಾನದ ಮಾಸ್ತರರು ತೋರಿಸುತ್ತಿದ್ದರು. ಇತಿಹಾಸದ ಮಾಸ್ತರನಾದ ನನಗೆ ಅಲ್ಲೇನೂ ಕೆಲಸವಿರಲಿಲ್ಲ. ಮಲ್ಲಮ್ಮನ ಗಂಡ ಅಲ್ಲಿಯೇ ಗುತ್ತಿಗೆ ಕೆಲಸಕ್ಕಿದ್ದಾನೆಂದು ಯಾರೋ ಹೇಳಿದ್ದು ನೆನಪಾಗಿ, ಕಾಲೋನಿಯ ಹಿಂದಿನ ತಗಡಿನ ಮನೆಗಳ ಸಾಲಿನಲ್ಲಿ ಕೇಳುತ್ತ ಹೊರಟೆ. ಮಲ್ಲಮ್ಮ ಎಂದರೆ ಹತ್ತು ವರ್ಷದ ಹಿಂದೆ ದೇವದುರ್ಗದಲ್ಲಿ ನನಗೆ ಒಂದು ಖೋಲಿ ಬಾಡಿಗೆಗೆ ಕೊಟ್ಟಿದ್ದ ಹನುಮವ್ವನ ಮಗಳು.

"ಬರ್ರಿ ಮಾಸ್ತರ, ಬರ್ರಿ. ದಾರಿ ತಪ್ಪಿ ಬಂದ್ರೇನು?" ಎಂದು ಮಲ್ಲಮ್ಮ ಒಲೆಯ ಮುಂದೆ ಕೂತಲ್ಲಿಂದಲೇ ನಕ್ಕಳು. ಹನುಮವ್ವನ ಸುದ್ದಿ ಕೇಳಿದೆ. ತೀರಿಕೊಂಡು ಮೂರು ವರ್ಷವಾಗಿತ್ತಂತೆ. ಅಷ್ಟರಲ್ಲಿ ಮಲ್ಲಮ್ಮನ ಹತ್ತು ವರ್ಷದ ಮಗಳು ಬಸಮ್ಮ, ಮೂರು ತಿಂಗಳ ತಮ್ಮ ಮಲಗಿದ್ದ ಕೌದಿಯ ಮಡಿಕೆ ಬಿಡಿಸಿ, ಉಳಿದರ್ಧವನ್ನು ನನ್ನ ಕಡೆಗೆ ಹಾಸಿ, "ಕುಂದರ್ರಿ ಸರ" ಎಂದಳು.

ನೂರು ಸಲ ಒಗೆದ ಹತ್ತಿ ಬಟ್ಟೆ, ಬಿಸಿಲು, ಎಳೆಗೂಸಿಗೆ ಹಚ್ಚಿದ ಎಣ್ಣೆ ಎಲ್ಲ ಕೂಡಿದ ವಾಸನೆ. ಅದು ಮೂಗಿಗೆ ಬಡಿಯಿತು. ಬಗ್ಗಿ ನೋಡಬೇಕಾಗಿಯೇ ಇರಲಿಲ್ಲ. ಆ ಕೌದಿ ನನಗೆ ಗೊತ್ತು. ಅದರ ಮೇಲೆ ಕೂಡುವ ಯೋಗ್ಯತೆ ನನಗಿಲ್ಲ. ಒಂದು ಕಾಲಕ್ಕೆ ಅದನ್ನು ತುಂಡು ತುಂಡಾಗಿ ಕತ್ತರಿಸಿದವನು ನಾನು.

ಎಪ್ಪತ್ತೆಂಟರ ಮಳೆಗಾಲದಲ್ಲಿ ನನ್ನನ್ನು ದೇವದುರ್ಗದ ಹೈಸ್ಕೂಲಿಗೆ ಹಾಕಿದರು. ಆಗಿನ್ನೂ ಮದುವೆಯಾಗಿರಲಿಲ್ಲ, ಮೈಯೆಲ್ಲ ಹುಮ್ಮಸ್ಸು, ಬಾಯಿ ತುಸು ಜೋರು. ನನ್ನಪ್ಪ ಮಾನ್ವಿಯಲ್ಲಿ ದರ್ಜಿ. ಅವನು ಬಿಟ್ಟುಹೋದ ಆಸ್ತಿ ಎಂದರೆ ಒಂದು ದೊಡ್ಡ ಕತ್ತರಿ ಮತ್ತು ಹೊಲಿಗೆಯ ವಿದ್ಯೆ. ಹೀಗಾಗಿ ನನಗೆ ಹುಚ್ಚು ಎರಡು ಥರದ್ದು. ಒಂದು, ಹಳೆಯ ಕಾಲದ ಕಥೆ ಬರೆಯುವುದು. ಇನ್ನೊಂದು, ಆ ಕಥೆಯ ಜನ ಏನು ತೊಡುತ್ತಿದ್ದರೋ ಅದನ್ನು ಹೊಲಿದು ನೋಡುವುದು. ರವಿವಾರ ಬಂತೆಂದರೆ ರಾಯಚೂರಿನ ಕೋಟೆಗೆ ಓಡುತ್ತಿದ್ದೆ. ಅಲ್ಲಿನ ಗೋಡೆಯಲ್ಲಿ ಒಂದು ಭಾರಿ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತರುವ ಚಿತ್ರ ಕೆತ್ತಿದ್ದಾರಲ್ಲ, ಅದರ ಮುಂದೆ ಕೂತು ಆಳುಗಳ ಸೊಂಟದ ಬಟ್ಟೆ ಎಷ್ಟು ಸುತ್ತಿದೆ, ಗಂಟು ಎಲ್ಲಿದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ನೋಡಿದವರು "ಮಾಸ್ತರಗ ತಲಿ ಕೆಟ್ಟದ" ಎನ್ನುತ್ತಿದ್ದರು. ನನಗೇನೂ ಬೇಸರವಿರಲಿಲ್ಲ. ನಾಟಕದಲ್ಲಿ ರಾಜ ಕೈಗಡಿಯಾರ ಕಟ್ಟಿಕೊಂಡು ಸಿಂಹಾಸನ ಏರಿದರೆ ಮೈ ಉರಿದು ಅಲ್ಲಿಂದಲೇ ಎದ್ದು ಬರುತ್ತಿದ್ದವನು ನಾನು. ಕಥೆ ಸುಳ್ಳಾಗಬಹುದು, ಬಟ್ಟೆ ಸುಳ್ಳಾಗಬಾರದು ಎಂಬುದು ನನ್ನ ಮಾತು. ಎಲ್ಲರ ಮುಂದೂ ಹೇಳುತ್ತಿದ್ದೆ.

ಮಕ್ಕಳ ತಪ್ಪನ್ನೂ ಬಿಡುತ್ತಿರಲಿಲ್ಲ. ಒಂದು ಇಸವಿ ಹೆಚ್ಚುಕಡಿಮೆಯಾದರೆ ಪುಟದ ಮೇಲೆ ಉದ್ದಕ್ಕೆ ಕೆಂಪು ಗೀಟು. ಆ ಕೆಂಪು ಶಾಯಿಯ ಪೆನ್ನು ಸೋರಿ ಸೋರಿ, ನನ್ನ ನೀಲಿ ಗೆರೆಯ ಬಿಳಿ ಅಂಗಿಯ ಕಿಸೆಯ ಕೆಳಗೆ ಅಂಗೈಯಗಲ ಕಲೆಯಾಗಿತ್ತು. ಹನುಮವ್ವ ಅದನ್ನು ನೋಡಿದಾಗಲೆಲ್ಲ, "ಮಾಸ್ತರ, ಹುಡುಗರಿಗಿ ಬಡದು ಬಡದು ನಿಮ್ಮ ಎದ್ಯಾಗೇ ರಕ್ತ ಸೋರಾಕತ್ತದ ನೋಡ್ರಿ" ಎಂದು ನಗುತ್ತಿದ್ದಳು.

ಹನುಮವ್ವ ಗಂಡನಿಲ್ಲದ ಹೆಂಗಸು. ಸುಗ್ಗಿಯಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದಳು, ಉಳಿದ ದಿನ ಓಣಿಯವರಿಗೆ ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿದುಕೊಡುತ್ತಿದ್ದಳು. ಅವಳ ಮನೆಯ ಮುಂದಿನ ಖೋಲಿ ನನ್ನದು. ಮಗಳು ಮಲ್ಲಮ್ಮನನ್ನು ಮಾನ್ವಿ ಕಡೆಯ ಕುರ್ಡಿಗೆ ಕೊಟ್ಟಿದ್ದಳು. ಆ ವರ್ಷ ಅವಳಿಗೆ ಚೊಚ್ಚಲು. ಪುಷ್ಯ ಮಾಸದ ಬನದ ಹುಣ್ಣಿಮೆ ಆದ ಮೇಲೆ ಹೋಗಿ ಬಾಣಂತನಕ್ಕೆ ಕರೆತರಬೇಕೆಂದು ದೀಪಾವಳಿಯಿಂದಲೇ ದಿನ ಎಣಿಸುತ್ತಿದ್ದಳು.

ಆ ಚಳಿಗಾಲ ನಾನೊಂದು ನಾಟಕ ಬರೆದೆ. ವಿಜಯನಗರದವರೂ ಬಿಜಾಪುರದವರೂ ರಾಯಚೂರು ಕೋಟೆಗಾಗಿ ಹೊಡೆದಾಡುತ್ತಿದ್ದ ಕಾಲ. ದಂಡಿನ ಡೇರೆಗಳಿಗೆ ತೇಪೆ ಹಾಕಿ ಬದುಕುವ ಗಂಗವ್ವ ಎಂಬೊಬ್ಬ ಹೆಣ್ಣುಮಗಳು, ಎರಡೂ ಕಡೆಯ ಹರಕು ಡೇರೆಗಳ ಚಿಂದಿ ಆಯ್ದು ತನಗೊಂದು ಮೊಳಕಾಲುದ್ದದ ಅಂಗಿ ಹೊಲಿದುಕೊಳ್ಳುತ್ತಾಳೆ. ಅವಳನ್ನು ಕಂಡ ಸಿಪಾಯಿಗೆ ತನ್ನ ಕಡೆಯ ಬಣ್ಣ ಕಾಣುತ್ತದೆ, ಕತ್ತಿ ಎತ್ತುವುದಿಲ್ಲ. ಗಂಗವ್ವ ಇದ್ದಳೋ ಇಲ್ಲವೋ, ಅದು ನನ್ನ ಕಟ್ಟುಕಥೆ. ಆದರೆ ಅಂಗಿ ಮಾತ್ರ ಖರೇ ಇರಬೇಕು. ಜನವರಿಯಲ್ಲಿ ರಾಯಚೂರಿನಲ್ಲಿ ಶಾಲೆಗಳ ನಾಟಕ ಸ್ಪರ್ಧೆ ಇತ್ತು. ಗಂಗವ್ವನ ಪಾತ್ರಕ್ಕೆ ಹತ್ತನೆಯ ಇಯತ್ತೆಯ ರೆಹಾನಾಳನ್ನು ಆರಿಸಿದೆ. ಅಪ್ಪನದು ಪೇಟೆಯಲ್ಲಿ ಬಳೆಯಂಗಡಿ. ಮನೆಯಲ್ಲಿ ದಖನಿ ಆಡುವ ಆ ಹುಡುಗಿ ವೇದಿಕೆ ಹತ್ತಿದರೆ ಕನ್ನಡವನ್ನು ನೀರು ಕುಡಿದಂತೆ ಆಡುತ್ತಿದ್ದಳು.

ಹೊಸ ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ನೋಡಿದೆ, ಕಲ್ಲಿಗೆ ಉಜ್ಜಿ ನೋಡಿದೆ. ಎಷ್ಟು ಮಾಡಿದರೂ ಹಳೆಯದಾಗಲಿಲ್ಲ. ಒಂದು ಮುಂಜಾನೆ ಹನುಮವ್ವ ತನ್ನ ಪೆಟಾರಿಯಿಂದ ಒಂದು ಕೌದಿ ತೆಗೆದು ಬಿಸಿಲಿಗೆ ಹಾಕಿದ್ದು ಕಣ್ಣಿಗೆ ಬಿತ್ತು. ಕೆಂಪು, ಹಸಿರು, ಮಾಸಿದ ಬಿಳಿ, ಅಲ್ಲಲ್ಲಿ ಸವೆದು ಎಳೆ ಕಾಣುವ ಇಳಕಲ್ಲ ಸೀರೆಯ ಸೆರಗು. ನನ್ನ ಗಂಗವ್ವನ ಅಂಗಿ ಹಗ್ಗದ ಮೇಲೆ ತಾನೇ ತೂಗಾಡುತ್ತಿದೆ ಅನಿಸಿತು.

"ಯವ್ವಾ, ನಾಟಕಕ್ಕ ಇದು ಕೊಡ್ತೀರೇನು?" ಎಂದೆ.

"ನಿಮ್ಮ ಗಂಗವ್ವ ಹೊದ್ಕೊಳಾಕೇನ್ರಿ? ತಗೋರಿ. ಮಲ್ಲಿ ಬರೂದ್ರೊಳಗ ತಿರುಗಿ ಬರ್ಲಿ ಮತ್ತ."

"ಹೂಂ, ಹೂಂ" ಎಂದೆ. ಹಾಗೆ ಎಂದದ್ದು ನನ್ನ ಬಾಯಿ. ತಲೆ ನಾನೂರೈವತ್ತು ವರ್ಷ ಹಿಂದೆ ಇತ್ತು. ಅವಳು ಹೊದೆಯಲು ಕೊಟ್ಟಿದ್ದಳು. ನಾನು ದರ್ಜಿಯ ಮಗ. ಮೇಜಿನ ಮೇಲೆ ಬಂದ ಬಟ್ಟೆಗೆ ಕತ್ತರಿಯೇ ಗತಿ ಎಂದು ಕಲಿತವನು. ನಾಟಕ ಮುಗಿದ ಮೇಲೆ ಅವಳಿಗೊಂದು ಹೊಸ ಸೋಲಾಪುರ ಚಾದರ ತಂದುಕೊಟ್ಟರೆ ಆಯಿತು, ಹಳೆಯ ಚಿಂದಿಗೆ ಬದಲು ಹೊಸದು ಸಿಕ್ಕರೆ ಯಾರು ಬೇಡವೆನ್ನುತ್ತಾರೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಓದಿದವರ ಬುದ್ಧಿ ಹೀಗೇ ಕೆಲಸ ಮಾಡುತ್ತದೆ.

ಪೇಟೆಯಲ್ಲಿ ಖಾಜಾಸಾಬರ ಹೊಲಿಗೆ ಅಂಗಡಿ. ನನ್ನಪ್ಪನ ಕಾಲದಿಂದ ಪರಿಚಯದವರು. ಶಾಲೆ ಬಿಟ್ಟ ಮೇಲೆ ಅವರ ಎರಡನೆಯ ಮಿಷನ್ ಮೇಲೆ ನನ್ನ ಹುಚ್ಚಾಟಕ್ಕೆ ಅಪ್ಪಣೆ ಕೊಟ್ಟಿದ್ದರು. ಕೌದಿಯನ್ನು ಮೇಜಿನ ಮೇಲೆ ಹರವಿದ ಕೂಡಲೇ ಅವರು ಮಿಷನ್ ನಿಲ್ಲಿಸಿ, "ಮಾಸ್ಟರ್ ಸಾಬ, ಕೌದಿಕು ಕೈಂಚಿ ನಕ್ಕೋ ಲಗಾವ್" ಎಂದರು. ನಾನು ಕೇಳದವನಂತೆ ಇದ್ದಾಗ ಕನ್ನಡದಲ್ಲಿ ಹೇಳಿದರು, "ಬ್ಯಾಡ್ರಿ. ಅಂಗಿ ಬಿಚ್ಚಿ ಅಂಗಿ ಹೊಲೀಬಹುದು. ಕೌದಿಗಿ ಕತ್ರಿ ಹಚ್ಚಬಾರ್ದು. ನನ್ನ ಕತ್ರಿ ನಾ ಕೊಡಂಗಿಲ್ಲ."

"ನಿಮ್ದು ಯಾಕ ಬೇಕು, ಅಪ್ಪಂದು ಅದ" ಎಂದು ಚೀಲದಿಂದ ತೆಗೆದೆ.

ಮೂರು ಸಂಜೆ ಕೂತು ಕತ್ತರಿಸಿದೆ. ಎರಡು ತೋಳು, ಎದೆಯ ಎರಡು ಭಾಗ, ಬೆನ್ನು. ಬೆನ್ನಿನ ಮಧ್ಯೆ ಒಂದು ಕಡೆ ಮಾತ್ರ ಉಬ್ಬಿಕೊಂಡಿತ್ತು. ಅಂಗೈಯಗಲದ ಒಂದು ನೀಲಿ ತೇಪೆ. ಅದನ್ನು ಕೊಯ್ದು ಬಿಚ್ಚಿದರೆ ಒಳಗಿಂದ ಒಣಗಿದ ಪುಡಿ ಉದುರಿತು. ಇಲಿ ಸೇರಿಸಿಟ್ಟ ಕಾಳು ಎಂದುಕೊಂಡು ಕೊಡವಿದೆ. ಆ ನೀಲಿ ತುಂಡಿನ ಅಂಚಿಗೆ ಗುಂಡಿ ಹಾಕುವ ಒಂದು ಕಾಜಾ ಇತ್ತು. ಕೈಯಿಂದ ಹೊಲಿದದ್ದು, ಚಿಕ್ಕದು, ಒಂದೆಳೆಯೂ ಸಡಿಲಾಗಿರಲಿಲ್ಲ. ಯಾರೋ ಕಸುಬು ಬಲ್ಲವರು ಎಂದು ಮೆಚ್ಚಿಕೊಂಡೆ ಕೂಡ. ಮೆಚ್ಚಿ, ಅದರಿಂದಲೇ ಮಿಷನ್ನಿನ ಎಣ್ಣೆ ಒರೆಸಿದೆ. ಕೊನೆಯ ದಿನ ಅಂಗಿಯ ಹೊಲಿಗೆಗಳನ್ನು ಒತ್ತಿ ಮಟ್ಟ ಮಾಡಲು ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಹೊತ್ತಿಸಬೇಕಿತ್ತು. ಎಣ್ಣೆ ಹೀರಿದ ಚಿಂದಿಗೆ ಬೆಂಕಿ ಬೇಗ ಹಿಡಿಯುತ್ತದೆ. ಖಾಜಾಸಾಬರು ನಮಾಜಿಗೆ ಹೋಗಿದ್ದರು. ಕೈಗೆ ಸಿಕ್ಕ ಆ ನೀಲಿ ತುಂಡನ್ನೇ ಕೆಂಡಕ್ಕಿಟ್ಟೆ.

ರಾಯಚೂರಿಗೆ ಹೊರಡುವ ದಿನ ಹನುಮವ್ವನೂ ಬಂದಳು. "ನನ್ನ ಕೌದಿ ನಾಟಕದಾಗ ಬರ್ತದ, ನಾ ನೋಡಬ್ಯಾಡೇನ್ರಿ?" ಎಂದು ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಎರೆಹೊಲದಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ರಾಯಚೂರು ಹತ್ತಿರವಾದಂತೆ ಗಿರಣಿಗಳ ಹತ್ತಿಯ ಎಳೆ ಗಾಳಿಯಲ್ಲಿ ಹಾರಿ ಬಂದು ಮಕ್ಕಳ ಕೂದಲಿಗೆ ಮೆತ್ತಿಕೊಂಡಿತು. ಅಂಗಿ ನನ್ನ ತೊಡೆಯ ಮೇಲಿನ ಗಂಟಿನಲ್ಲಿತ್ತು. ಅವಳಿಗೆ ತೋರಿಸಿರಲಿಲ್ಲ. ವೇದಿಕೆಯ ಮೇಲೆ ನೋಡಿ ಬೆರಗಾಗಲಿ ಎಂದು ಇಟ್ಟುಕೊಂಡಿದ್ದೆ. ನನ್ನ ಆಸೆಯಂತೆಯೇ ಆಯಿತು.

ನಮ್ಮ ನಾಟಕ ಮಧ್ಯಾಹ್ನ ಮೂರಕ್ಕೆ. ಕೊನೆಯ ದೃಶ್ಯಕ್ಕೆ ಪರದೆ ಸರಿದು ರೆಹಾನಾ ಆ ಅಂಗಿ ತೊಟ್ಟು ಬಂದಳು ನೋಡಿ, ಸಭೆ ಒಂದು ಸಲ ಉಸಿರು ಹಿಡಿಯಿತು. ತೀರ್ಪುಗಾರರೊಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಪಕ್ಕದ ಮರೆಯಲ್ಲಿ ನಿಂತು ಉಬ್ಬಿಹೋಗಿದ್ದೆ. ಆಗ ಮೂರನೆಯ ಸಾಲಿನಲ್ಲಿ ಹನುಮವ್ವ ಎದ್ದು ನಿಂತಳು.

ಅವಳು ಕೂಗಲಿಲ್ಲ, ಅಳಲಿಲ್ಲ. ಕುರ್ಚಿಗಳ ನಡುವೆ ನಡೆದು ಬಂದು, ಮೆಟ್ಟಿಲು ಹತ್ತಿ, ನೇರವಾಗಿ ವೇದಿಕೆಯ ಮೇಲೆ ರೆಹಾನಾಳ ಎದುರಿಗೆ ನಿಂತಳು. ಅವಳು ಅಂಗಿಯ ತೋಳು ಹಿಡಿದು ನೋಡಿದಳು. ಎದೆಯ ಮೇಲೆ ಕೈಯಾಡಿಸಿದಳು. ಹುಡುಗಿಯ ಭುಜ ಹಿಡಿದು ತಿರುಗಿಸಿ ಬೆನ್ನು ನೋಡಿದಳು. ಆಮೇಲೆ ತೀರ ಸಣ್ಣ ದನಿಯಲ್ಲಿ, ಆದರೆ ಇಡೀ ಸಭೆಗೆ ಕೇಳುವಂತೆ, "ಯವ್ವಾ, ನನ್ನ ಬಸ್ಯಾ ಎಲ್ಲದಾನ?" ಎಂದಳು.

ರೆಹಾನಾ ಒಂದು ಸಲ ನನ್ನ ಕಡೆ ನೋಡಿದಳು. ನಾನು ಮರೆಯಿಂದ ಹೊರಗೆ ಬರಲಿಲ್ಲ. ಆ ಹುಡುಗಿ ತಾನೇ ಲಂಗ-ಕುಪ್ಪಸದ ಮೇಲೆ ತೊಟ್ಟಿದ್ದ ಅಂಗಿ ಕಳಚಿ, ಎರಡೂ ಕೈಯಿಂದ ಮುದುಕಿಯ ಕೈಗಿಟ್ಟು, ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಯಾರೋ ಪರದೆ ಎಳೆದರು.

ಹೊರಗಿನಿಂದ ಚಪ್ಪಾಳೆ ಕೇಳಿಸಿತು. ಮೊದಲು ನನಗೆ ಅದೇನೆಂದೇ ಹೊಳೆಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಅದೆಲ್ಲ ನಾಟಕ ಎಂದುಕೊಂಡಿದ್ದರು. ದಂಡಿನಲ್ಲಿ ಮಗನನ್ನು ಕಳೆದುಕೊಂಡ ತಾಯಿ ಗಂಗವ್ವನ ಅಂಗಿಯಲ್ಲಿ ಮಗನ ಬಟ್ಟೆ ಹುಡುಕುತ್ತಾಳೆ ಎಂದು ಅರ್ಥ ಮಾಡಿಕೊಂಡಿದ್ದರು. ಸಂಜೆ ಮೊದಲ ಬಹುಮಾನ ನಮಗೆ. ವೇಷಭೂಷಣದ ಸತ್ಯಕ್ಕೆ ಮತ್ತು ಆ ಅಜ್ಜಿಯ ಸಹಜ ಅಭಿನಯಕ್ಕೆ ಎಂದು ತೀರ್ಪುಗಾರರು ಹೇಳಿದರು. ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿ ಮುಂದೆ ನೂಕಿದರು. ನಾನು ಹೋಗಿ ಕಪ್ಪು ತೆಗೆದುಕೊಂಡೆ. ಬೇಡ ಎನ್ನಬಹುದಾಗಿತ್ತು, ಎನ್ನಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದೂ ಉಪಯೋಗವಿಲ್ಲ.

ತಿರುಗಿ ಹೋಗುವಾಗ ಬಸ್ಸು ಕಲ್ಮಲದಲ್ಲಿ ನಿಂತಾಗ ಮಕ್ಕಳೆಲ್ಲ ಚಹಾಕ್ಕೆ ಇಳಿದರು. ಹನುಮವ್ವ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಚಾದರದ ಮಾತು ತೆಗೆಯಲು ನನಗೆ ಬಾಯಿ ಬರಲಿಲ್ಲ, ಪುಣ್ಯಕ್ಕೆ.

"ನಡುವಿನ ತ್ಯಾಪಿ ಎಲ್ಲದ?" ಎಂದಳು. "ನೀಲಿ ಅರಿಬಿ. ಕಾಜಾ ಇತ್ತು ಅದಕ್ಕ."

ಕಾಜಾ ಎಂದ ಕೂಡಲೇ ನನಗೆ ಎಲ್ಲ ನೆನಪಾಯಿತು. ಎಣ್ಣೆ, ಇದ್ದಿಲು, ಬೆಂಕಿ. ಅವಳೇ ಹೇಳುತ್ತ ಹೋದಳು. ಬಸ್ಯಾ ಅವಳ ಮೊದಲ ಮಗ. ಐದು ವರ್ಷದವನಿದ್ದಾಗ ವಾಂತಿಭೇದಿಯಾಗಿ ಒಂದೇ ದಿನದಲ್ಲಿ ಹೋದನಂತೆ. ಮಲ್ಲಮ್ಮ ಆಗ ಇನ್ನೂ ಹೊಟ್ಟೆಯಲ್ಲಿದ್ದಳು. ಅವನದೊಂದು ಫೋಟೋ ಇಲ್ಲ, ಆಟಿಕೆ ಇಲ್ಲ. ಅವನ ಅಂಗಿಗೆ ಅವಳೇ ಹೊಲಿದ ಕಾಜಾ ಇರುವ ಆ ತುಂಡೊಂದೇ ಇದ್ದದ್ದು. ಕೌದಿ ಹೊಲಿದು ಮುಗಿಸುವಾಗ ನಡುವೆ ಒಂದು ತೇಪೆ ಬಿಟ್ಟಿರುತ್ತಾರೆ. ಅದರೊಳಗೆ ರೊಟ್ಟಿಯ ಚೂರಿಟ್ಟು ಕೊನೆಗೆ ಮುಚ್ಚಿ ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಅವಳು ತನ್ನ ಕೌದಿಯ ಹೊಟ್ಟೆಯನ್ನು ಮಗನ ಅಂಗಿಯಿಂದ ಮುಚ್ಚಿದ್ದಳು. ನಾನು ಕೊಡವಿದ ಪುಡಿ ಇಲಿಯ ಕಾಳಲ್ಲ. ನೂರಾರು ಮೈಲಿ ತಿರುಗಿ ಕಲ್ಲಿನ ಮೇಲಿನ ಗೀರು ಬರೆದುಕೊಳ್ಳುವ ನಾನು, ನನ್ನ ಖೋಲಿಯ ಹಿಂದಿನ ಗೋಡೆಯಾಚೆ ಇದ್ದ ಇತಿಹಾಸವನ್ನು ಇಸ್ತ್ರಿ ಪೆಟ್ಟಿಗೆಗೆ ಹಾಕಿ ಸುಟ್ಟಿದ್ದೆ.

"ಯವ್ವಾ, ಅದು... ಸುಟ್ಟುಬಿಟ್ಟೀನ್ರಿ" ಎಂದೆ.

ಅವಳು ಕಿಟಕಿಯ ಆಚೆ ನೋಡಿದಳು. ಮೊದಲ ಸಲ ನನ್ನನ್ನು ಏಕವಚನದಲ್ಲಿ ಮಾತಾಡಿಸಿದಳು. "ಮಲ್ಲಿಗಿ ಹೇಳಬ್ಯಾಡ. ದಿನ ತುಂಬ್ಯಾವ ಆಕಿಗಿ. ನಮ್ಮ ಮನಿ ಕೂಸು ಹುಟ್ಟಿದ ಕೂಡ್ಲೇ ಈ ಕೌದಿ ಮ್ಯಾಲ ಮಲಗ್ತದ. ಹಿರ್ಯಾರೆಲ್ಲ ಇದರಾಗ ಅದಾರ. ಕೌದಿ ಇಲ್ಲಂದ್ರ ಆಕಿ ಎದಿ ಒಡಕೋತಾಳ. ಇನ್ನ ಎಂಟ ದಿನ ಅದಾವ. ತಿರುಗಿ ಮಾಡಿಕೊಡು."

ಮರುದಿನ ಹೆಡ್‌ಮಾಸ್ತರರಿಗೆ ಜ್ವರ ಎಂದು ಸುಳ್ಳು ಹೇಳಿ ರಜೆ ಹಾಕಿದೆ. ಅಂಗಿಯ ಹೊಲಿಗೆ ಬಿಚ್ಚುವುದಕ್ಕೇ ಎರಡು ದಿನ ಹಿಡಿಯಿತು. ಮಿಷನ್ ತರಬಹುದೇ ಎಂದರೆ ಹನುಮವ್ವ ಬೇಡವೆಂದಳು. ಮಿಷನ್ನಿನ ಬಿರುಸು ಹೊಲಿಗೆ ಕೂಸಿನ ಮೈಗೆ ಚುಚ್ಚುತ್ತದಂತೆ. ಮೂರನೆಯ ದಿನ ಖಾಜಾಸಾಬರು ಅಂಗಡಿಗೆ ಬಾಗಿಲು ಹಾಕಿ, ಕತ್ತರಿಸಿ ಉಳಿದ ಚಿಂದಿಯ ಗಂಟು ಹಿಡಿದು ತಾವೇ ಬಂದರು. ಕತ್ತರಿಸುವಾಗ ತಡೆದಿದ್ದೆ ಎಂಬ ಒಂದು ಮಾತೂ ಆಡಲಿಲ್ಲ. ಬಿಸ್ಮಿಲ್ಲಾ ಎಂದು ಸೂಜಿಗೆ ದಾರ ಪೋಣಿಸಿ ಅಂಗಳದಲ್ಲಿ ಕೂತುಬಿಟ್ಟರು. ಶಾಲೆ ಬಿಟ್ಟ ಮೇಲೆ ರೆಹಾನಾಳೂ ಬರುತ್ತಿದ್ದಳು. "ಸರ್, ನಿಮ್ಮ ಹೊಲಿಗಿ ಸೊಟ್ಟ ಹೊಂಟದ" ಎಂದು ಅವಳು ತಿದ್ದುತ್ತಿದ್ದಳು. ನಾನು ಸುಮ್ಮನೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ.

ಹನುಮವ್ವ ನೆಲದ ಮೇಲೆ ತುಂಡುಗಳನ್ನು ಒಂದೊಂದಾಗಿ ಇಡುತ್ತ ಹೋದಳು. ಯಾವುದು ಎಲ್ಲಿತ್ತೆಂದು ಒಮ್ಮೆಯೂ ತಡವರಿಸಲಿಲ್ಲ. "ಇದು ನನ್ನತ್ತಿ ಸೀರಿ. ಬಾಯಿ ಭಾಳ ಜೋರ ಆಕಿದು, ಅದಕ್ಕ ಮೂಲ್ಯಾಗ ಕುಂದ್ರಿಸೀನಿ. ಇದು ನನ್ನ ಗಂಡನ ರುಮಾಲ. ಮಾನ್ವಿ ಸಂತ್ಯಾಗ ಎತ್ತ ಮಾರಿ ಬಂದ ದಿನ ತಂದಿದ್ದ. ಈ ಹಸರು ನನ್ನ ಲಗ್ಗನದ್ದು. ಇದು ನಮ್ಮವ್ವ ಕಡೀಕ ಉಟ್ಟಿದ್ದು." ನಾನು ಒಂದು ಸಲ ಪುಸ್ತಕ ತೆಗೆದು ಬರೆದುಕೊಳ್ಳಲು ಹೋದೆ. ಅವಳು ಕೈಯಿಂದ ಪೆನ್ನು ಕಸಿದು ಪಕ್ಕಕ್ಕಿಟ್ಟು, "ಬರೀಬ್ಯಾಡ. ಹೊಲಿ" ಎಂದಳು.

ಏಳನೆಯ ದಿನಕ್ಕೆ ನಡುವೆ ಅಂಗೈಯಗಲದ ತೂತೊಂದು ಉಳಿಯಿತು. ಅಂದು ಮುಂಜಾನೆಯ ಬಸ್ಸಿಗೆ ರಾಯಚೂರಿಗೆ ಓಡಿ, ಅಂಗಡಿ ಅಂಗಡಿ ಅಲೆದು, ನನ್ನ ನೆನಪಿನಲ್ಲಿದ್ದ ಅದೇ ನೀಲಿ ಬಣ್ಣದ ಬಟ್ಟೆಯ ತುಂಡು ತಂದೆ. ನಾನೇ ಒಂದು ಕಾಜಾ ಕೂಡ ಹೊಲಿದೆ. ಚೆನ್ನಾಗಿಯೇ ಬಂದಿತ್ತು. ಅವಳ ಮುಂದೆ ಹಿಡಿದೆ.

"ಯಾರ್ದಿದು?"

"ಯಾರ್ದೂ ಅಲ್ರಿ. ಅಂಗಡೀದು. ಬಣ್ಣ ಅದೇ ಅದ ನೋಡ್ರಿ."

"ಅಂಗಡಿ ಅರಿಬಿ ಒಂದ್ ದಿನ ಅತ್ತಿಲ್ಲ, ಉಂಡಿಲ್ಲ, ಯಾರ ಮೈಗೂ ಬೆವತಿಲ್ಲ. ಇದನ್ನ ನನ್ನ ಹಿರ್ಯಾರ ನಡುವ ಕುಂದ್ರಸ್ಲೇನು?" ಎಂದು ಅದನ್ನು ನನ್ನತ್ತ ಎಸೆದಳು. ಮೊದಲ ಸಲ ಅವಳ ಸಿಟ್ಟು ಕಂಡೆ. ಖಾಜಾಸಾಬರು ಸೂಜಿ ಹಿಡಿದ ಕೈ ನಿಲ್ಲಿಸಿದರು. ನನಗೆ ನೆಲ ಬಿರಿಯಬಾರದೇ ಅನಿಸಿತು. ನಾಳೆ ಅವಳು ಕುರ್ಡಿಗೆ ಹೋಗಿ ಮಗಳನ್ನು ಕರೆತರಬೇಕು. ಕೌದಿಯ ನಡುವೆ ತೂತು ಹಾಗೇ ಇದೆ. ಅಳು ತಡೆಯಲಾಗಲಿಲ್ಲ. ಇಪ್ಪತ್ತೆಂಟು ವರ್ಷದ ಗಂಡಸು ವಿದ್ಯಾರ್ಥಿನಿಯ ಮುಂದೆ ಬಿಕ್ಕಿಬಿಕ್ಕಿ ಅತ್ತೆ.

ಹನುಮವ್ವ ಎದ್ದು ಹತ್ತಿರ ಬಂದು, "ಅಂಗಿ ಬಿಚ್ಚು" ಎಂದಳು.

ನನಗೆ ಅರ್ಥವಾಗಲಿಲ್ಲ.

"ಬಿಚ್ಚಲೇ. ನೀ ಕಳದಿ, ನೀನಽ ತುಂಬು."

ಬಿಚ್ಚಿ ಕೊಟ್ಟೆ. ಅವಳು ಕತ್ತರಿ ಕೇಳಲಿಲ್ಲ. ಅಂಚನ್ನು ಹಲ್ಲಿನಿಂದ ಕಚ್ಚಿ, ಎಡಗಡೆಯ ಕಿಸೆಯ ಸುತ್ತ ಕೈಯಿಂದಲೇ ಪರ್ರನೆ ಹರಿದಳು. ಕೆಂಪು ಶಾಯಿಯ ಕಲೆ ಇದ್ದ ಭಾಗ. ಬೇರೆ ಕಡೆಯದು ತಗೊಳ್ರಿ, ಅಲ್ಲಿ ಕಲೆಯಿದೆ ಎಂದೆ. ಅವಳು ಕೇಳಲಿಲ್ಲ. ಒಳಗೆ ಹೋಗಿ ಜೋಳದ ರೊಟ್ಟಿಯ ಒಂದು ಚೂರು ತಂದು ತೂತಿನಲ್ಲಿಟ್ಟು, ಮೇಲೆ ನನ್ನ ಅಂಗಿಯ ತುಂಡು ಹಾಸಿ, ತಾನೇ ಸುತ್ತಲೂ ಹೊಲಿದು ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ನಾನು ಬನಿಯನ್ನಿನಲ್ಲೇ ಕೂತು ನೋಡುತ್ತಿದ್ದೆ.

ಎರಡು ದಿನದ ಮೇಲೆ ಮಲ್ಲಮ್ಮ ಬಂದಳು. ಬಂದವಳು ಕೌದಿಯ ಮೇಲೆ ಕೂತು, ವಾಡಿಕೆಯಂತೆ ನಡುವಿಗೆ ಕೈ ಹಾಕಿದಳು. ಬೆರಳು ಅಲ್ಲೇ ನಿಂತಿತು. ಅವಳು ತಾಯಿಯ ಮುಖ ನೋಡಿದಳು. "ಹಳೇದು ಹರದಿತ್ತವಾ, ತಿರುಗಿ ತುಂಬಿಸೀನಿ" ಎಂದಳು ಹನುಮವ್ವ. ಮಲ್ಲಮ್ಮ ಏನೂ ಕೇಳಲಿಲ್ಲ. ಹದಿನೈದು ದಿನಕ್ಕೆ ಹೆಣ್ಣು ಕೂಸು ಹುಟ್ಟಿತು. ಬಸಮ್ಮ ಎಂದು ಹೆಸರಿಟ್ಟರು. ಬೇಸಿಗೆ ರಜೆಯಲ್ಲಿ ನನಗೆ ರಾಯಚೂರಿಗೆ ವರ್ಗವಾಯಿತು. ನಾಟಕದ ಪುಸ್ತಕವನ್ನು ಮತ್ತೆ ತೆರೆಯಲಿಲ್ಲ. ದೇವದುರ್ಗದ ಕಡೆ ಮುಖ ಹಾಕಲು ಧೈರ್ಯವೂ ಬರಲಿಲ್ಲ. ಹೀಗೆ ಹತ್ತು ವರ್ಷ ಕಳೆದೆ.

ಆ ಬಸಮ್ಮನೇ ಈಗ ಶಕ್ತಿನಗರದಲ್ಲಿ ನನ್ನ ಮುಂದೆ ಕೌದಿ ಹಾಸಿ ನಿಂತಿದ್ದಳು. ನಾನು ಕೂಡದೆ ನಿಂತದ್ದನ್ನು ನೋಡಿ, ಕೌದಿಯಲ್ಲಿ ಏನೋ ನೋಡುತ್ತಿದ್ದೇನೆ ಎಂದುಕೊಂಡಳೇನೋ, ತಾನೇ ಬಗ್ಗಿ ತೋರಿಸತೊಡಗಿದಳು. "ಇದು ನಮ್ಮ ಮುತ್ಯಾನ ರುಮಾಲ ನೋಡ್ರಿ ಸರ. ಇದು ಅಜ್ಜಿ ಲಗ್ಗನದ ಸೀರಿ. ಈ ಮೂಲ್ಯಾಗಿಂದು ಅಜ್ಜಿ ಅತ್ತೀದು, ಭಾಳ ಬೈತಿದ್ಳಂತ." ಅವಳ ಬೆರಳು ನಡುವಿಗೆ ಬಂತು. ನೀಲಿ ಗೆರೆ ಮಾಸಿ ಹೋಗಿತ್ತು. ಕೆಂಪು ಕಲೆ ಮಾತ್ರ ತಿಳಿಗುಲಾಬಿಯಾಗಿ ಉಳಿದಿತ್ತು.

"ಇದು ನಮ್ಮ ಬಸಣ್ಣ ಮಾಮಾನ ಅಂಗಿ. ಸಣ್ಣಾಂವ ಇದ್ದಾಗಽ ತೀರಿಕೊಂಡಾನ. ಓಕಳಿ ಆಡೂ ಮುಂದ ಬಣ್ಣ ಚೆಲ್ಲಿಕೊಂಡಿದ್ದನಂತ, ಇಲ್ಲಿ ನೋಡ್ರಿ, ಇನ್ನಾ ಹೋಗಿಲ್ಲ."

ಮಕ್ಕಳ ತಪ್ಪು ತಿದ್ದಲು ಇಟ್ಟುಕೊಂಡಿದ್ದ ಶಾಯಿ, ಓಕುಳಿಯಾಗಿಬಿಟ್ಟಿತ್ತು. ಐದು ವರ್ಷದ ಹುಡುಗನ ಅಂಗಿಗೆ ಅಷ್ಟು ದೊಡ್ಡ ಕಿಸೆ ಇರುತ್ತದೆಯೇ ಎಂದು ಯಾವ ದರ್ಜಿಯಾದರೂ ಕೇಳಿಯಾನು. ನಾನು ತಲೆ ಎತ್ತಿ ಮಲ್ಲಮ್ಮನ ಕಡೆ ನೋಡಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಅವಳ ಕಣ್ಣು ಈಗಲೂ ಕೆಂಪು ಪೆನ್ನು ಸಿಕ್ಕಿಸಿದ್ದ ನನ್ನ ಕಿಸೆಯ ಮೇಲಿತ್ತು.

"ಹೌದಲ್ರೀ ಮಾಸ್ತರ?" ಎಂದಳು.

"ಹೌದು" ಎಂದೆ. "ಬಸಣ್ಣಂದಽ." ಬಸಮ್ಮನ ಕಡೆ ತಿರುಗಿ, "ಅಜ್ಜಿ ಇನ್ನೇನು ಹೇಳ್ತಿದ್ಳವಾ, ಮಾಮಾನ ಬಗ್ಗಿ?" ಎಂದು ಕೇಳಿದೆ.

ಬಸಮ್ಮ ಖುಷಿಯಾದಳು. "ಭಾಳ ಹೇಳ್ತಿದ್ಳರೀ. ಅಂವ ಕತಿ ಕಟ್ಟೂದ್ರಾಗ ಭಾಳ ಶಾಣ್ಯಾ ಇದ್ದನಂತ. ಕತ್ರಿ ಕೈಯಾಗ ಸಿಕ್ರ ಮುಗೀತು, ಕಂಡದ್ದೆಲ್ಲ ಕತ್ತರಿಸಿ ಇಡ್ತಿದ್ದನಂತ." ಅವಳು ತಮ್ಮನ ಕಾಲನ್ನು ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡಿದಳು. "ಆದ್ರ ಅಜ್ಜಿ ಒಂದ್ ದಿನಾನೂ ಬೈದಿಲ್ಲಂತ್ರಿ. ಹುಡುಗಾಂವ, ತಿಳೀಲಾರದ್ದಕ್ಕ ಮಾಡ್ಯಾನ ಬಿಡು ಅಂತಿದ್ಳು. ಕುಂದರ್ರಿ ಸರ, ಯಾಕ ನಿಂತೀರಿ?"

ನಾನು ಚಪ್ಪಲಿ ಬಿಟ್ಟು, ಕೌದಿಯ ಮೇಲೆ ಕೂತೆ.